ನೋಡಲು ಅನುಮತಿ ಇರುವವರು

ಮೊಳಕಾಲ್ಮೂರಿನ ನನ್ನ ತಮ್ಮನ ಮನೆಯಲ್ಲಿ ಒಂದು ಹಳೆಯ ಪಂಚೆ ಇದೆ. ಅಂಚು ಜೂಲುಜೂಲಾಗಿ, ನಡುವೆ ಎರಡು ಕಡೆ ತೇಪೆ ಬಿದ್ದು, ಒಗೆದು ಒಗೆದು ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿರುವ ಆ ಪಂಚೆಯನ್ನು ಯಾರೂ ಉಡುವುದಿಲ್ಲ, ಯಾರೂ ಹೊದೆಯುವುದಿಲ್ಲ. ಅದು ಇರುವುದು ಮಗ್ಗಕ್ಕಾಗಿ. ನಾನು ಹೊಸ್ತಿಲ ಬಳಿ ಚಪ್ಪಲಿ ಬಿಡುವಷ್ಟರಲ್ಲಿ ಒಳಗೆ ಲಾಳಿಯ ಸದ್ದು ನಿಲ್ಲುತ್ತದೆ, ಪಂಚೆ ಪಟ್ಟೆಂದು ಕೊಡವಿಕೊಂಡು ಮಗ್ಗದ ಮೇಲೆ ಹರಡಿಕೊಳ್ಳುತ್ತದೆ, ಆಮೇಲೆ ತಮ್ಮ ತಿಪ್ಪೇಸ್ವಾಮಿಯ ದನಿ ಬರುತ್ತದೆ: “ಬಾರಕ್ಕಾ, ಬಸ್ಸು ಸಿಕ್ತಾ?” ಈ ಮೂರೂ ಇದೇ ಕ್ರಮದಲ್ಲಿ ಆಗುತ್ತವೆ. ಕ್ರಮದ ವಿಷಯದಲ್ಲಿ ನಾನು ತಕರಾರು ಮಾಡುವವಳಲ್ಲ. ದಾರಿಗೆ ಅಡ್ಡವಾಗಿ ಬಿದ್ದಿರುವ ರಾಟೆಯನ್ನು ಎತ್ತಿ ಗೋಡೆಯ ಮೂಲೆಗೆ ಸರಿಯಾಗಿ ಇಟ್ಟು, ಚಾಪೆ ಹಾಸಿಕೊಂಡು ಕೂತು, ಆ ಪಂಚೆಯ ತೇಪೆಗಳನ್ನು ನೋಡುತ್ತ ಚಹಾ ಕುಡಿಯುತ್ತೇನೆ.

ಪಂಚೆಯ ಕಾನೂನು ನಮ್ಮಪ್ಪನದು. ನಮ್ಮೂರಿನಲ್ಲಿ ರೇಷ್ಮೆ ಸೀರೆ ಹುಟ್ಟುವುದು ಪಡಸಾಲೆಯಲ್ಲಿ. ಮೊಸರಿಗೆ ಹೆಪ್ಪು ಕೇಳಲು ಬಂದವರ ಕಣ್ಣಿಗೂ ಹೊಸ ಅಂಚು ಬೀಳುತ್ತದೆ, ಬಿದ್ದದ್ದು ಮುಂದಿನ ವಾರ ಇನ್ನೊಂದು ಮನೆಯ ಮಗ್ಗದಲ್ಲಿ ಏಳುತ್ತದೆ. ಹಾಗಾಗಿ ಅಪ್ಪ ಹೇಳುತ್ತಿದ್ದರು: “ಈ ಮನೆ ನೂಲು ಸುತ್ತಿದೋರು ನೋಡ್ಬೌದು. ಮಿಕ್ಕೋರು ಸೀರೆ ಮಡಿಕೆ ಬಿಚ್ಚಿದಾಗ ನೋಡ್ಲಿ.” ನಾನು ಚಿಕ್ಕವಳಿದ್ದಾಗ ಶಾಲೆಯಿಂದ ಬಂದವಳೇ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದೆ, ಅಂದರೆ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ತುಂಬುತ್ತಿದ್ದೆ. ಆಗ ನನ್ನೆದುರು ಮಗ್ಗಕ್ಕೆ ಮುಸುಕು ಇರಲಿಲ್ಲ. ಮದುವೆಯಾಗಿ ಚಳ್ಳಕೆರೆಗೆ ಹೋದೆ. ಮೊದಲ ಸಲ ತವರಿಗೆ ಬಂದ ದಿನ ಹೊಸ್ತಿಲು ದಾಟಿದೆನೋ ಇಲ್ಲವೋ, ಅಪ್ಪ ಪಂಚೆ ಎಳೆದರು. ಮಗಳು ಅತಿಥಿಯಾದ ಕ್ಷಣ ಯಾವುದೆಂದು ಬಹಳ ಹೆಣ್ಣುಮಕ್ಕಳಿಗೆ ಗೊತ್ತಾಗುವುದಿಲ್ಲ. ನನಗೆ ಸದ್ದಿನ ಸಮೇತ ಗೊತ್ತಾಯಿತು. ಮುಂದೆ ತಮ್ಮನ ಹೆಂಡತಿ ಮನೆಗೆ ಬಂದಳು, ಮರುದಿನವೇ ಮಗ್ಗ ನೋಡಿದಳು. ಅದನ್ನೂ ಮನಸ್ಸಿನ ಕಡತದಲ್ಲಿ ತಾರೀಖಿನ ಸಹಿತ ಸೇರಿಸಿಕೊಂಡೆ. ಅಪ್ಪ ಹೋದ ಮೇಲೆ ಮಗ್ಗ ತಮ್ಮನದಾಯಿತು, ಪಂಚೆಯೂ ಅವನದಾಯಿತು. ನಲವತ್ತು ವರ್ಷಕ್ಕೂ ಮೇಲೆ ನಾನು ಆ ಮನೆಯಲ್ಲಿ ನೋಡಿದ ನೇಯ್ಗೆ ಎಂದರೆ ತೇಪೆ ಹಾಕಿದ ಪಂಚೆ ಒಂದೇ.

ಕಾನೂನನ್ನು ಪ್ರಶ್ನಿಸದಿರುವುದು ನನ್ನ ಕಸುಬಿನ ಗುಣ. ಚಳ್ಳಕೆರೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಾನು ವಾರ್ಡನ್ ಆಗಿದ್ದೆ. ಐದಕ್ಕೆ ಗಂಟೆ, ಐದೂಕಾಲಿಗೆ ಹಾಜರಿ, ಆರಕ್ಕೆ ಓದು, ಎಂಟಕ್ಕೆ ಉಪ್ಪಿಟ್ಟು. ನಿವೃತ್ತಿಯ ಮರುದಿನವೂ ಐದಕ್ಕೇ ಎದ್ದೆ. ಹಾಜರಿ ಹಾಕಲು ಯಜಮಾನರೊಬ್ಬರೇ ಸಿಕ್ಕರು, ಅವರೂ ಮೊದಲ ಮೂರು ದಿನ ಮಾತ್ರ “ಹಾಜರ್ ಮೇಡಂ” ಎಂದರು. ಈಗಲೂ ಎಣ್ಣೆ ಗಿರಣಿಯ ಕಡೆಯಿಂದ ಶೇಂಗಾದ ಕಮಟು ವಾಸನೆ ತೇಲಿಬರುವ ಹೊತ್ತಿಗೆ ನನ್ನ ಸ್ನಾನ ಮುಗಿದಿರುತ್ತದೆ. ಹಾಸ್ಟೆಲಿನಲ್ಲಿ ನನ್ನ ಹೆಮ್ಮೆಯ ಸ್ವತ್ತು ಎಂದರೆ ಭೇಟಿಯ ಪಟ್ಟಿ: ಯಾವ ಹುಡುಗಿಯನ್ನು ಯಾರು ಬಂದು ನೋಡಬಹುದು ಎಂಬುದಕ್ಕೆ ಹೆಸರು, ಊರು, ಸಂಬಂಧ, ಫೋಟೋ, ಸಹಿ. ಪಟ್ಟಿಯಲ್ಲಿಲ್ಲದ ಸೋದರಮಾವ ಮಂಡಕ್ಕಿಯ ಚೀಲ ಹೊತ್ತು ಬಂದರೂ ಗೇಟಿನಾಚೆಯೇ. ಮಂಡಕ್ಕಿ ಒಳಗೆ ಬರುತ್ತಿತ್ತು, ಮಾವ ಬರುತ್ತಿರಲಿಲ್ಲ.

ಇಂಥ ನನಗೆ ಅರವತ್ತಾರನೆಯ ವಯಸ್ಸಿನಲ್ಲಿ ನನ್ನದೇ ಒಂದು ಗೊಂಬೆಯ ಭೇಟಿಯ ಪಟ್ಟಿ ಮಾಡುವ ಕೆಲಸ ಒದಗಿತು ಎಂದರೆ ನೀವು ನಗಬಾರದು. ಅಥವಾ ಈಗಲೇ ನಕ್ಕುಬಿಡಿ, ಮುಂದೆ ಇನ್ನೂ ಇದೆ.

ತಿಪ್ಪೇಸ್ವಾಮಿಯ ಮಗಳು ನಾಗವೇಣಿ ವಾರದ ಐದು ದಿನ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿದ್ದು ಕೆಲಸ ಮಾಡುತ್ತಾಳೆ. ಕೆಲಸವೆಂದರೆ ಗೊಂಬೆಗಳಿಗೆ ಬಟ್ಟೆ ಹೊಲಿಯುವುದು. ಸೂಜಿಯಿಲ್ಲ, ದಾರವಿಲ್ಲ, ಎಲ್ಲ ಕಂಪ್ಯೂಟರಿನಲ್ಲೇ. ಕುದುರೆಗೆ ಕಟ್ಟುವ ಕಣ್ಣುಪಟ್ಟಿಯಂಥ ಒಂದು ಕನ್ನಡಕವನ್ನು ಮುಖಕ್ಕೆ ಬಿಗಿದುಕೊಂಡರೆ ನಾವು ಕೂತ ಕೋಣೆ ಮಾಯವಾಗಿ ಬೇರೆ ಜಾಗ ಕಾಣುತ್ತದೆ. ಅಲ್ಲಿ ಬೇರೆ ಬೇರೆ ಊರಿನವರು ತಮ್ಮ ತಮ್ಮ ಗೊಂಬೆಯ ರೂಪದಲ್ಲಿ ಬಂದು ಸೇರಿರುತ್ತಾರೆ. ನಾವು ತಲೆ ತಿರುಗಿಸಿದರೆ ಗೊಂಬೆಯ ತಲೆ ತಿರುಗುತ್ತದೆ, ಕೈಯೆತ್ತಿದರೆ ಕೈ ಏಳುತ್ತದೆ, ನಮ್ಮ ಮಾತು ಅದರ ಬಾಯಿಂದ ಬರುತ್ತದೆ. ಈ ಗೊಂಬೆಗೆ ಅವಳ ಭಾಷೆಯಲ್ಲಿ ಅವತಾರ್ ಎಂದು ಹೆಸರು. ಅಷ್ಟು ದೊಡ್ಡ ಮಾತು ನನ್ನ ಬಾಯಿಗೆ ಒಗ್ಗದು, ನನಗದು ಗೊಂಬೆಯೇ.

ನನ್ನ ಮಂಡಿ ನೋವಿನಿಂದ ಸಂಜೆಯ ನಡಿಗೆ ನಿಂತುಹೋಗಿ ಐದೂವರೆಯಿಂದ ಆರೂಕಾಲಿನವರೆಗಿನ ಹೊತ್ತು ದಿನಚರಿಯಲ್ಲಿ ಖಾಲಿ ಬಿದ್ದಿತ್ತು. ಖಾಲಿ ಹೊತ್ತನ್ನು ಕಂಡರೆ ನನಗೆ ಗುಡಿಸದ ಅಂಗಳ ಕಂಡಂತಾಗುತ್ತದೆ. ನಾಗವೇಣಿ ತನ್ನ ಎರಡು ಕನ್ನಡಕಗಳಲ್ಲಿ ಒಂದನ್ನು ನನಗೆ ಕೊಟ್ಟು, “ಅತ್ತೆ, ಕನ್ನಡದೋರು ಸೇರೋ ಕಟ್ಟೆ ಒಂದೈತೆ. ಕುಂತು ಹರಟೆ ಹೊಡೀರಿ” ಎಂದಳು. ಅರಳಿಮರ, ಸುತ್ತ ಕಲ್ಲುಕಟ್ಟೆ, ಪಕ್ಕದಲ್ಲಿ ಯಾವ ಕಟ್ಟೆಗೂ ಇರದ ಒಂದು ಆಳೆತ್ತರದ ನಿಲುವುಗನ್ನಡಿ. ನಿಜವಾದ ಊರಿನ ಕಟ್ಟೆಯ ಮೇಲೆ ಹೆಂಗಸಾಗಿ ನಾನು ಒಂದು ದಿನವೂ ಕೂತವಳಲ್ಲ, ಇಲ್ಲಿ ಕೂತೆ.

ಕೂರುವುದಕ್ಕೆ ಮೊದಲು ಗೊಂಬೆಯಾಗಬೇಕಲ್ಲ? ಎರಡು ವಾರ ನಾಗವೇಣಿಯ ಬೆನ್ನ ಹಿಂದೆ ನಿಂತು ಮಾಡಿಸಿದೆ. ನಿವೃತ್ತಿಗೆಂದು ತಿಪ್ಪೇಸ್ವಾಮಿ ನೇಯ್ದು ಕೊಟ್ಟ ಸೀರೆ, ಬದನೆಕಾಯಿ ಬಣ್ಣದ ಒಡಲು, ಅರಿಶಿನದ ಅಂಚು, ಅಂಚಿನಲ್ಲಿ ಸಾಲುಗಿಣಿ. ನೆರಿಗೆ ಆರು, ಏಳಲ್ಲ. ಹೆಗಲ ಮೇಲೆ ಪಿನ್ನು. ಗಡಿಯಾರದ ಮುಖ ಮಣಿಕಟ್ಟಿನ ಒಳಭಾಗಕ್ಕೆ. ತುರುಬಿನಲ್ಲಿ ಒಂದೂ ಕೂದಲು ಹೊರಗೆ ಬರಕೂಡದು. “ಅತ್ತೆ, ಜನ ಅಲ್ಲಿ ರೆಕ್ಕೆ ಹಚ್ಕೊಂಡು ಬರ್ತಾರೆ, ನೀವು ಪಿನ್ನು ಹಚ್ಕೊಂಡು ಹೋಗ್ತೀರಾ?” ಎಂದಳು. ರೆಕ್ಕೆಯವರು ಹಾಜರಿಗೆ ನಿಂತವರಲ್ಲ ಎಂದೆ.

ಕೊನೆಯಲ್ಲಿ ಅವಳು ಒಂದು ಪ್ರಶ್ನೆ ಕೇಳಿದಳು. ಈ ಗೊಂಬೆ ಯಾರಿಗೆ ಕಾಣಬೇಕು? ಎಲ್ಲರಿಗೂ, ಗೆಳೆಯರಿಗೆ ಮಾತ್ರ, ಆಯ್ದವರಿಗೆ ಮಾತ್ರ, ಹೀಗೆ ಮೂರು ಸಾಲು ಎದುರಿಗಿದ್ದವು. ಆಹಾ! ಯಾರೋ ನನ್ನಂಥವರೇ ಈ ಯಂತ್ರ ಮಾಡಿರಬೇಕು ಅನ್ನಿಸಿತು. ಆಯ್ದವರಿಗೆ ಮಾತ್ರ ಎಂದು ಒತ್ತಿಸಿ, ಮಿಕ್ಕಿದ್ದು ನನಗೆ ಬಿಡು, ಪಟ್ಟಿಗೆ ಹೆಸರು ಸೇರಿಸುವುದು ಹೇಗೆಂದು ತೋರಿಸಿಕೊಟ್ಟು ನಿನ್ನ ಕೆಲಸ ನೋಡಿಕೋ ಎಂದು ಅವಳನ್ನು ಕಳಿಸಿದೆ. ಮನೆಯವಳೆಂದು ಅವಳನ್ನಾದರೂ ಮೊದಲು ಸೇರಿಸಬಹುದಿತ್ತು. ಸೇರಿಸಲಿಲ್ಲ, ಹಾಸ್ಟೆಲಿನಲ್ಲಿ ನನ್ನ ನೆಂಟರ ಹುಡುಗಿಯರಿಗೂ ಒಂದೇ ಕಾನೂನು ಇತ್ತು. ಆಮೇಲೆ ಇನ್ನೂರು ಪುಟದ ಪುಸ್ತಕದಲ್ಲಿ ಗೀಟು ಎಳೆದೆ: ಹೆಸರು, ಊರು, ಪರಿಚಯವಾದ ದಿನ, ನಡತೆ, ಸಹಿ. ಇಪ್ಪತ್ತೊಂದು ದಿನದ ನಡತೆ ನೋಡಿ ಅರ್ಹರನ್ನು ಪಟ್ಟಿಗೆ ಸೇರಿಸುವುದೆಂದು ನಿಶ್ಚಯಿಸಿದೆ. ಸಹಿಯ ಕಾಲಮ್ಮನ್ನು ಹೇಗೆ ತುಂಬಿಸುವುದೆಂದು ಮಾತ್ರ ಹೊಳೆಯಲಿಲ್ಲ. ಪಟ್ಟಿಯಲ್ಲಿಲ್ಲದವರಿಗೆ ನನ್ನ ಜಾಗ ಬರಿದಾಗಿ ಕಾಣುತ್ತದೆ, ಬಾಗಿಲ ಪರದೆಯ ಹಿಂದಿನಿಂದ ಮಾತಾಡಿದ ಹಾಗೆ ದನಿಯಷ್ಟೇ ಕೇಳುತ್ತದೆ ಎಂದು ನನ್ನ ಭಾವನೆ. ಕೇಳಬಹುದಿತ್ತು. ಗೊತ್ತಿರುವುದನ್ನು ಕೇಳುವುದು ಹೊತ್ತು ಹಾಳು ಎಂದು ಕೇಳಲಿಲ್ಲ.

ಮೂರು ವಾರ ದಿನವೂ ಐದೂವರೆಗೆ ಸರಿಯಾಗಿ ಕಟ್ಟೆಗೆ ಹೋದೆ. ನನ್ನ ಕಣ್ಣಿಗೆ ನಾನು ಸರ್ವಾಲಂಕಾರದಲ್ಲಿ ಕಾಣುತ್ತಿದ್ದೆ. ಕೈ ನೋಡಿದರೆ ಬಳೆ, ಕನ್ನಡಿ ನೋಡಿದರೆ ಗಿಣಿಯ ಅಂಚು. ಕನ್ನಡಿಯೆದುರು ನಿಂತು ನೆರಿಗೆ ಸರಿಪಡಿಸಿಕೊಂಡೇ ಕೂರುತ್ತಿದ್ದೆ. ಕಟ್ಟೆಯ ಖಾಯಂ ಗಿರಾಕಿಯೊಬ್ಬರಿದ್ದರು. ದಾವಣಗೆರೆಯವರು, ಹೋಟೆಲು ನಡೆಸಿ ಮಗನಿಗೆ ಒಪ್ಪಿಸಿದವರು, ಗೊಂಬೆಯ ರೂಪದಲ್ಲಿ ಹುಲಿ. ನಾನು ನೆರಿಗೆ ತಿದ್ದಿಕೊಳ್ಳುವಾಗ ಒಮ್ಮೆ ಈ ಹುಲಿ ಹತ್ತಿರ ಬಂದು, “ಯಾಕ್ರೀ ಸಾರ್, ಹೊಟ್ಟೆ ನೋವಾ? ಜೀರಿಗೆ ಕಷಾಯ ಕುಡೀರಿ” ಎಂದಿತು. ಸಾರ್ ಎಂದದ್ದು ನನಗೆ ವಿಚಿತ್ರವೆನಿಸಲಿಲ್ಲ, ಹಾಸ್ಟೆಲಿನ ಮೆಟ್ಟಿಲ ಮೇಲೆ ನಿಂತು ಕೂಗಿ ಕೂಗಿ ನನ್ನ ದನಿ ಫೋನಿನಲ್ಲೂ ಗಂಡಸಿನ ಹಾಗೇ ಕೇಳುತ್ತದೆ. ಪರದೆಯ ಹಿಂದೆ ಇರುವವಳ ಹೊಟ್ಟೆ ಇವರಿಗೆ ಹೇಗೆ ಗೊತ್ತಾಯಿತು ಎಂದು ಮಾತ್ರ ಯೋಚಿಸಬೇಕಿತ್ತು. ಯೋಚಿಸದೆ, ನಡತೆಯ ಕಾಲಮ್ಮಿನಲ್ಲಿ “ಸಲಹೆ ಜಾಸ್ತಿ” ಎಂದು ಬರೆದೆ. ಆ ಜನ ನನ್ನೊಂದಿಗೆ ವಾದಿಸುತ್ತಿದ್ದರು, ಮಾತಿನ ನಡುವೆ ಬಾಯಿ ಹಾಕುತ್ತಿದ್ದರು, ನಾನು ಶಿಸ್ತಿನ ಬಗ್ಗೆ ಹೇಳಿದರೆ ಕೇಕೆ ಹಾಕಿ ನಗುತ್ತಿದ್ದರು. ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ಆರೂಕಾಲಿಗೆ ಕನ್ನಡಕ ತೆಗೆದಾಗ ಕೆನ್ನೆ ನೋಯುತ್ತಿತ್ತು, ನಕ್ಕು.

ಒಂದು ಭಾನುವಾರ ನಾಗವೇಣಿ ಇನ್ನೊಂದು ಕನ್ನಡಕವನ್ನು ಮೊಳಕಾಲ್ಮೂರಿಗೆ ಒಯ್ದಳು. ನಿಮ್ಮ ಸೀರೆ ಉಟ್ಟ ಅಕ್ಕನನ್ನು ನೋಡಿ ಎಂದು ಅಪ್ಪನ ಮುಖಕ್ಕೆ ಅದನ್ನು ಬಿಗಿದಳು. ಐದೂವರೆಗೆ ಬಾ ಎಂದಿದ್ದೆ, ಐದು ಐವತ್ತಕ್ಕೆ ಬಂದ. ಮಗಳು ಅವನಿಗೊಂದು ಸಾಧಾರಣ ಅಂಗಿ ಪಂಚೆಯ ಗೊಂಬೆ ಮಾಡಿಕೊಟ್ಟಿದ್ದಳು. ಅದು ಕಟ್ಟೆಯ ನಡುವೆ ನಿಂತು ಸುತ್ತಲೂ ಕತ್ತು ತಿರುಗಿಸಿತು.

“ಅಕ್ಕ ಎಲ್ಲವಳೆ?”

“ಇಪ್ಪತ್ತು ನಿಮಿಷ ತಡ. ಇಲ್ಲೇ ಇದೀನಲ್ಲೋ, ನಿನ್ನ ಮುಂದೆ.”

“ಇಲ್ಲೊಂದು ಬೋಳುತಲೆ ಗೊಂಬೆ ಐತೆ. ಬೂದಿ ಬಣ್ಣ. ಬಟ್ಟೆ ಇಲ್ಲ ಬರೆ ಇಲ್ಲ, ಸೊಂಟದ ಮ್ಯಾಲೆ ಕೈ ಇಟ್ಕಂಡು ನಿಂತೈತೆ. ನಿನ್ ದನಿ ಕದ್ದೈತೆ ನೋಡು!”

“ಅವರು ನಮ್ ಬೂದಿ ಸಾರ್” ಎಂದಿತು ಹುಲಿ, ಪರಿಚಯ ಮಾಡಿಕೊಡುವ ಉತ್ಸಾಹದಲ್ಲಿ.

ಆಗ ತಿಳಿಯಿತು. ಅನುಮತಿಯಿಲ್ಲದವರಿಗೆ ನಾವು ಕಾಣದೇ ಹೋಗುವುದಿಲ್ಲ. ಕಂಪನಿಯವರು ಇಟ್ಟ ಒಂದು ಸರಕಾರಿ ಗೊಂಬೆ ನಮ್ಮ ಬದಲಿಗೆ ಕಾಣುತ್ತದೆ. ಕೂದಲಿಲ್ಲ, ಮುಖವಿಲ್ಲ, ಲಿಂಗವಿಲ್ಲ, ಉಡುಪಿಲ್ಲ. ಪಟ್ಟಿಯಲ್ಲಿ ಇನ್ನೂ ಒಂದು ಹೆಸರೂ ಇಲ್ಲದ್ದರಿಂದ ಮೂರು ವಾರ ನನ್ನ ಆರು ನೆರಿಗೆಯನ್ನು ನೋಡಿದವಳು ನಾನೊಬ್ಬಳೇ. ಲೋಕವೆಲ್ಲ ನೋಡಿದ್ದು ಬೋಳುತಲೆಯೊಂದು ಇಲ್ಲದ ನೆರಿಗೆಯನ್ನು ತಿದ್ದಿ ತಿದ್ದಿ ಶಿಸ್ತಿನ ಬಗ್ಗೆ ಉಪನ್ಯಾಸ ಕೊಡುವುದನ್ನು.

ತಿಪ್ಪೇಸ್ವಾಮಿ ನಗುತ್ತಲೇ ಇದ್ದ. ನಕ್ಕು ಮುಗಿಸಿ, “ಸರಿ ಅಕ್ಕಾ, ಈಗ ತೋರ್ಸು. ನಾನ್ ನೇಯ್ದಿದ್ದು ಹೆಂಗ್ ಬಂದೈತೆ ನೋಡ್ತೀನಿ” ಎಂದ. ಒಂದು ಗುಂಡಿ ಒತ್ತಿದರೆ ಸಾಕಿತ್ತು. ನನ್ನ ಬೆರಳು ಏಳಲಿಲ್ಲ, ಎದ್ದದ್ದು ನಾಲಿಗೆ.

“ಹೊರಗಿನೋರಿಗೆಲ್ಲ ತೋರ್ಸಾಕಾಗಲ್ಲ. ಪಟ್ಟಿಲಿ ಹೆಸರಿರಬೇಕು.”

“ನಾನು ಹೊರಗಿನೋನಾ?”

“ನಾನು?” ಎಂದೆ.

ಹುಲಿ ನಡುವೆ ಬಾಯಿ ಹಾಕಿ, “ಮನೆ ಮಾತು ಮನೇಲಿ ಆಡ್ಕಳ್ರಿ ಸಾರ್, ಇಲ್ಲಿ ನಾಕು ಜನ ಕುಂತಿರ್ತೀವಿ” ಎಂದಿತು. ತಮ್ಮನ ಗೊಂಬೆ ಇದ್ದಕ್ಕಿದ್ದಂತೆ ಮಾಯವಾಯಿತು.

ನಾವಿಬ್ಬರೂ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನಿನಲ್ಲಿ ಮಾತಾಡುವವರು. ತಡವಾಗಿ ಬರುವುದನ್ನೇ ವ್ರತವಾಗಿ ಹಿಡಿದ ತಿಪ್ಪೇಸ್ವಾಮಿ ಈ ಒಂದು ವಿಷಯದಲ್ಲಿ ಗಡಿಯಾರದಂತಿದ್ದ. ಮುಂದಿನ ಭಾನುವಾರ ಒಂಬತ್ತಾಯಿತು, ಒಂಬತ್ತೂಕಾಲಾಯಿತು, ಫೋನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ನಾಗವೇಣಿಯನ್ನು ಕೇಳಿದರೆ, “ಅಪ್ಪ ನಿಮ್ ಹೆಸ್ರೇ ಎತ್ತಂಗಿಲ್ಲ ಅತ್ತೆ. ಅವ್ವ ಎತ್ತಿದ್ರೆ ಎದ್ದು ಹೋಗಿ ಮಗ್ಗದಾಗೆ ಕುಂತ್ಕಂತಾರೆ” ಎಂದಳು. ನನಗಿರುವವನು ಒಬ್ಬನೇ ತಮ್ಮ. ಒಂದು ಗೊಂಬೆಯ ಸೀರೆಯಂಚಿಗಾಗಿ ಅವನನ್ನು ಗೇಟಿನಾಚೆ ನಿಲ್ಲಿಸಿದ್ದೆ. ಅವನ ಕೈಯಲ್ಲಿ ಮಂಡಕ್ಕಿಯೂ ಇರಲಿಲ್ಲ.

ಆ ದಿನಗಳಲ್ಲಿ ಕಟ್ಟೆಗೆ ಹೋಗದೆ ಖಾಲಿ ಬಿದ್ದ ಹೊತ್ತಿನಲ್ಲಿ ನಾನು ಯೋಚಿಸಿದೆ. ನಾವು ಮುಚ್ಚಿಟ್ಟರೆ ನೋಡುವವರಿಗೆ ಏನೂ ಕಾಣುವುದಿಲ್ಲ ಎಂದುಕೊಳ್ಳುತ್ತೇವೆ. ಹಾಗಲ್ಲ, ಮುಚ್ಚಿದ್ದು ಕಾಣುತ್ತದೆ, ಮತ್ತು ಅವರ ಮಟ್ಟಿಗೆ ಅದೇ ನಾವು. ನಿವೃತ್ತಿಯಾದ ಮೇಲೆ ಒಮ್ಮೆ ಬಸ್ ಸ್ಟ್ಯಾಂಡಿನ ಪಕ್ಕ ನಿಂತು ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದೆ. ನಮ್ಮ ಹಾಸ್ಟೆಲಿನಲ್ಲಿದ್ದ ಹುಡುಗಿಯೊಬ್ಬಳು, ಈಗ ಇಬ್ಬರು ಮಕ್ಕಳ ತಾಯಿ, ನನ್ನೆದುರು ಬಂದು ಕಣ್ಣರಳಿಸಿ, “ಮೇಡಂ, ನೀವು ಬಜ್ಜಿ ತಿಂತೀರಾ?” ಎಂದಳು. ಹುಲಿ ಹುಲ್ಲು ತಿನ್ನುವುದನ್ನು ಕಂಡಂಥ ಮುಖ. ಐದು ವರ್ಷ ಒಂದೇ ಸೂರಿನಡಿ ಇದ್ದವಳಿಗೆ ನಾನು ಬೂದಿ ಬಣ್ಣದ ಗೊಂಬೆಯಾಗಿಯೇ ಕಂಡಿದ್ದೆ; ನನ್ನ ನಗು, ನನ್ನ ಬಜ್ಜಿ, ಜ್ವರ ಬಂದ ಹುಡುಗಿಯರ ಪಕ್ಕ ಕೂತು ಒಂದು ಕಣ್ಣಿನಲ್ಲಿ ನಿದ್ದೆ ಮಾಡಿದ್ದು, ಎಲ್ಲವನ್ನೂ ಆಯ್ದವರಿಗೆ ಮಾತ್ರ ಎಂದು ಒತ್ತಿ, ಪಟ್ಟಿಯನ್ನು ಖಾಲಿ ಬಿಟ್ಟಿದ್ದೆ. ಇನ್ನೊಂದು ಕಡೆ ನೋಡಿದರೆ, ಯಾರಿಗೂ ಹೆದರಿಕೆ ಹುಟ್ಟಿಸದ ಆ ಬೋಳು ಗೊಂಬೆಯೊಂದಿಗೆ ಜನ ಜಗಳವಾಡಿದರು, ನಕ್ಕರು, ಜೀರಿಗೆ ಕಷಾಯ ಹೇಳಿದರು. ಗಿಣಿಯಂಚಿನ ವಾರ್ಡನ್ನಿಗೆ ಯಾರಾದರೂ ಹೇಳುತ್ತಿದ್ದರೇ?

ಮೂರನೆಯ ಭಾನುವಾರ ಫೋನಿಗೆ ಕಾಯದೆ ಬಸ್ಸು ಹತ್ತಿದೆ. ದಾರಿಯ ತಳಕು ಊರು ದಾಟುವವರೆಗೆ ಕ್ಷಮೆಯ ಮಾತನ್ನು ಹೊಂದಿಸಿದೆ, ದಾಟಿದ ಮೇಲೆ ಅಳಿಸಿದೆ. ದೊಡ್ಡವಳಾಗಿ ತಮ್ಮನ ಬಳಿ ಕ್ಷಮೆ ಕೇಳುವ ನಮೂನೆ ನನ್ನ ಕಡತದಲ್ಲಿ ಇರಲಿಲ್ಲ. ಹೊಸ್ತಿಲ ಬಳಿ ಚಪ್ಪಲಿ ಬಿಟ್ಟೆ. ಲಾಳಿಯ ಸದ್ದು ನಿಂತಿತು. ಪಂಚೆ ಪಟ್ಟೆಂದಿತು. “ಬಾರಕ್ಕಾ” ಮಾತ್ರ ಬರಲಿಲ್ಲ.

ಒಳಗೆ ಹೋದೆ. ತಿಪ್ಪೇಸ್ವಾಮಿ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ಮುಸುಕಿದ ಮಗ್ಗದ ಮೇಲೆ ಮೊಣಕೈ ಊರಿ ನನ್ನನ್ನೇ ನೋಡುತ್ತಿದ್ದ. ದಾರಿಗೆ ಅಡ್ಡವಿದ್ದ ರಾಟೆಯನ್ನು ಎಂದಿನಂತೆ ಎರಡು ಕೈಯಿಂದ ಎತ್ತಿದೆ.

“ಇಳ್ಸು ಅದನ್ನ” ಎಂದ.

ಇಳಿಸಿದೆ.

“ಏಮಕ್ಕಾ, ಬಂದಾಗೆಲ್ಲ ಅದನ್ನ ಯಾಕೆ ಮೂಲೆಗೆ ಇಡ್ತೀಯ?”

“ದಾರೀಲಿ ಬಿದ್ದಿರುತ್ತೆ. ಯಾರಾದ್ರೂ ಎಡವಿಬಿಟ್ಟಾರು.”

“ಬಿದ್ದಿರಲ್ಲ. ನೀನು ಬರ್ತೀಯ ಅಂತ ಇಡ್ತೀವಿ. ಅಪ್ಪನೂ ಇಡ್ತಿದ್ರು. ಸುತ್ತಿದೋರು ನೋಡ್ಬೌದು ಅಂತ ಅಪ್ಪ ಹೇಳಿದ್ದು ಮರ್ತೋದೆಯಾ? ಹಳೇ ಸುತ್ತು ಲೆಕ್ಕಕ್ಕಿಲ್ಲ, ಮಗ್ಗದಾಗಿರೋ ಸೀರೆಗೆ ಸುತ್ಬೇಕು. ನನ್ ಹೆಂಡ್ತಿ ಬಂದ ಮಾರನೆ ದಿನ ಕುಂತು ಸುತ್ತಿದ್ಲು, ನೋಡಿದ್ಲು. ನೀನು ಮದುವೆ ಆಗಿ ಹೋದ್ಮ್ಯಾಲೆ ಒಂದು ದಿನ ರಾಟೆ ಮುಂದೆ ಕುಂತಿಲ್ಲ. ಎತ್ತಿ ಮೂಲೆಗಿಟ್ಟು, ಚಾಪೆ ಹಾಸ್ಕಂಡು, ಇನ್ಸ್‌ಪೆಕ್ಟರ್ ಬಂದಂಗೆ ಕುಂತ್ಕಂತೀಯ. ಅಪ್ಪ ಹೇಳೋರು, ಅವಳಿಗೆ ಈಗ ಗೌರ್ಮೆಂಟ್ ಕೆಲಸ, ನೂಲು ಮುಟ್ಟು ಅನ್ನಾಕೆ ನನಗ್ ಬಾಯಿ ಬರಲ್ಲ ಅಂತ.”

ಕೆಲಸದಲ್ಲಿದ್ದಷ್ಟು ವರ್ಷವೂ ಜನರಿಗೆ ಕಾನೂನು ಓದಿ ಹೇಳಿದವಳು ನಾನು. ನನಗೆಂದು ಹಾಸಿಟ್ಟ ದಾರಿಯನ್ನು ಬಂದಾಗಲೆಲ್ಲ ಎತ್ತಿ ಅಚ್ಚುಕಟ್ಟಾಗಿ ಮೂಲೆಗೆ ಇಡುತ್ತಿದ್ದವಳೂ ನಾನೇ. ಅಪ್ಪ ಎಳೆದ ಪಂಚೆಯ ಸದ್ದು ಕೇಳಿಸಿತ್ತು, ಅವರು ಮುಂದೆ ತಳ್ಳಿದ ರಾಟೆ ಕಂಡಿರಲಿಲ್ಲ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಕೂತೆ. ಮಂಡಿ ಮಡಿಸಲಾಗದೆ ಒಂದು ಕಾಲನ್ನು ಉದ್ದಕ್ಕೆ ಚಾಚಿ, ತಮ್ಮನ ಹೆಂಡತಿ ಕೊಟ್ಟ ಹಸಿರು ನೂಲಿನ ಲಡಿ ಹಾಕಿಕೊಂಡು ರಾಟೆ ತಿರುಗಿಸಿದೆ. ನೂಲು ತುಂಡಾಯಿತು. ಗಂಟು ಹಾಕಿ ಮತ್ತೆ ತಿರುಗಿಸಿದೆ, ಮತ್ತೆ ತುಂಡಾಯಿತು. “ಶಿಸ್ತು, ಮೇಡಂ, ಶಿಸ್ತು” ಎಂದ ತಿಪ್ಪೇಸ್ವಾಮಿ ಗುಂಡಿಯಿಂದ. “ಬಾಯ್ ಮುಚ್ಚಲೇ” ಎಂದೆ, ಇಬ್ಬರಿಗೂ ಹಗುರವಾಯಿತು. ಮೂರನೆಯ ಸಲ ಕಂಡಿಕೆ ತುಂಬಿತು, ಹೊಟ್ಟೆ ಉಬ್ಬಿದ ಹಾವಿನಂತೆ. ತಿಪ್ಪೇಸ್ವಾಮಿ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ ನೋಡಿ, ಲಾಳಿಯೊಳಗೆ ಕೂರಿಸಿ, ಪಂಚೆ ತೆಗೆದ.

ಅಲ್ಲಿದ್ದದ್ದು ಮೊಳದಷ್ಟು ನೇಯ್ದ ಹಸಿರು ಸೀರೆ, ಸಾಧಾರಣ ಅಂಚು. ಇಷ್ಟಕ್ಕೇ ಇಷ್ಟು ವರ್ಷವೇ ಎನ್ನಿಸಿತು. ಆಮೇಲೆ ನನ್ನ ನೂಲು ಲಾಳಿಯಿಂದ ಹೊರಟು ಎರಡು ಎಳೆ ಹಾಯಿತು, ನಾಲ್ಕು ಎಳೆ ಹಾಯಿತು, ಆಗ ಹಾಗೆ ಅನ್ನಿಸಲಿಲ್ಲ.

ಆ ಸಂಜೆಯೇ ಪಟ್ಟಿಯ ಮೊದಲ ಹೆಸರು ಬರೆದೆ. ಸೀರೆ ನೇಯ್ದವನಿಗಿಂತ ಹೆಚ್ಚು ಆ ನೂಲು ಮುಟ್ಟಿದವರು ಯಾರು? ಮುಂದಿನ ಭಾನುವಾರ ಮಗಳ ಕನ್ನಡಕ ಬಿಗಿದುಕೊಂಡು ಕಟ್ಟೆಗೆ ಐದು ಐವತ್ತೈದಕ್ಕೆ ಬಂದವನು ನನ್ನ ಗೊಂಬೆಯನ್ನು ಮೂರು ಸುತ್ತು ಬಂದು, “ಅಂಚು ಅರ್ಧ ಇಂಚು ಜಾಸ್ತಿ ಆಗೈತೆ. ಗಿಣಿ ಮೂತಿ ಕಾಗೆ ಮೂತಿ ಆಗೈತೆ” ಎಂದ. ಹುಲಿಗೆ ದಿಗಿಲಾಯಿತು: “ಯಾವ ಗಿಣಿ ಸಾರ್? ಎಲ್ಲೈತೆ?” ಎರಡನೆಯ ಹೆಸರು ನಾಗವೇಣಿಯದು. ಮಿಕ್ಕವರ ಪಾಲಿಗೆ ನಾನು ಇನ್ನೂ ಬೂದಿ ಸಾರ್, ಅದರಲ್ಲಿ ನನಗೆ ಸುಖವಿದೆ. ಹುಲಿಯ ಅರ್ಜಿ ಪರಿಶೀಲನೆಯಲ್ಲಿದೆ.

ಈಗಲೂ ನಾನು ಮೊಳಕಾಲ್ಮೂರಿನ ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗ ಒಳಗೆ ಪಂಚೆ ಪಟ್ಟೆನ್ನುತ್ತದೆ. ಕಾನೂನು ಸಡಿಲವಾಗಿಲ್ಲ, ಆಗುವುದೂ ನನಗೆ ಬೇಡ. ಚೀಲ ಇಟ್ಟು, ಕೈ ತೊಳೆದು, ದಾರಿಗೆ ಅಡ್ಡವಾಗಿರುವ ರಾಟೆಯನ್ನು ಇದ್ದಲ್ಲೇ ಬಿಟ್ಟು ಅದರ ಮುಂದೆ ಕೂರುತ್ತೇನೆ. ಒಂದು ಕಂಡಿಕೆಗೆ ನನಗೆ ಹನ್ನೊಂದು ನಿಮಿಷ ಬೇಕು. ಅಷ್ಟು ಹೊತ್ತು ಪಂಚೆಯ ತೇಪೆಗಳನ್ನು ನೋಡುತ್ತೇನೆ. ಮೊನ್ನೆ ತಾನೇ ಗಮನಿಸಿದೆ, ಅದರಲ್ಲೊಂದು ತೇಪೆ ನಾನು ಹಾಕಿದ್ದು, ಮದುವೆಗೆ ಮೊದಲು. ಹೊಲಿಗೆ ಇನ್ನೂ ನೇರವಾಗಿದೆ.